ಬಿಡುವ ಮದ್ದಿನ ಹೆಸರು ಗೊತ್ತಿರಲಿ

ಕಳೆದ ವರ್ಷ ಒಂದು ಸಂಜೆ ಅತ್ತಾವರದ ನನ್ನ ಕ್ಲಿನಿಕ್ಕಿಗೆ ಒಬ್ಬ ಕೃಷಿ ಕಾರ್ಮಿಕನನ್ನು ಆತನ ಅಣ್ಣ ರಿಕ್ಷಾದಲ್ಲಿ ಕರೆತಂದರು. ಅಲಸಂಡೆ ಬಳ್ಳಿಗೆ ಮದ್ದು ಬಿಟ್ಟು ಬಂದಿದ್ದ. ವಾಂತಿ, ಮೈತುಂಬ ಬೆವರು, ಬಾಯಲ್ಲಿ ಜೊಲ್ಲು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. "ಯಾವ ಮದ್ದು?" ಎಂದು ಕೇಳಿದೆ. "ಧನಿಗಳು ಬೆರೆಸಿ ಕೊಟ್ಟದ್ದು ಡಾಕ್ಟ್ರೆ, ಹೆಸರು ಗೊತ್ತಿಲ್ಲ" ಎಂದರು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ, ಬದುಕಿಕೊಂಡ.

ನಾವು ಕೀಟನಾಶಕವನ್ನೂ 'ಮದ್ದು' ಎನ್ನುತ್ತೇವೆ. ಹೆಸರು ಮದ್ದು, ವಸ್ತು ವಿಷ. ಅದು ಬಾಯಿಯಿಂದ ಮಾತ್ರವಲ್ಲ, ಉಸಿರಿನಿಂದ ಮತ್ತು ಚರ್ಮದ ಮೂಲಕವೂ ದೇಹ ಸೇರುತ್ತದೆ. ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳು ನರಗಳ ಕೆಲಸವನ್ನು ಹತೋಟಿಯಲ್ಲಿಡುವ ಒಂದು ಕಿಣ್ವವನ್ನು ತಡೆಯುತ್ತವೆ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಇದೆ. ಎಲ್ಲ ವಿಷಕ್ಕೂ ಅದೇ ಚಿಕಿತ್ಸೆಯಲ್ಲ. ಹೆಸರು ತಿಳಿಯಬೇಕಾದುದು ಅದಕ್ಕಾಗಿಯೇ.

ಗೊತ್ತಿಲ್ಲದ ವಿಷದ ಬೆಲೆ ಎಷ್ಟೆಂಬುದನ್ನು ನೆರೆಯ ಕಾಸರಗೋಡು ಕಂಡಿದೆ. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದ ವರೆಗೂ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆಗಳೂ ಅದನ್ನು ಅನುಭವಿಸಿದವು. ಪಡ್ರೆಯ ಡಾ. ವೈ.ಎಸ್. ಮೋಹನ ಕುಮಾರ್ ನನ್ನಂತೆಯೇ ಸಾಮಾನ್ಯ ವೈದ್ಯರು. ತಮ್ಮ ಸುತ್ತಲ ಮನೆಗಳಲ್ಲಿ ಕಾಯಿಲೆಗಳು ವಿಪರೀತವೆಂದು ಗಮನಿಸಿ ಬರೆದರು. ಕೃಷಿ ಇಲಾಖೆಯಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. ಊರಿನವರು ನೋಡಿದ್ದನ್ನು ಹೇಳಿದ್ದರಿಂದ, ಬರೆದಿಟ್ಟದ್ದರಿಂದ ಇದು ಸಾಧ್ಯವಾಯಿತು.

ಪೇಟೆಯಲ್ಲಿದ್ದರೂ ಊರಿನಲ್ಲಿ ತೋಟವಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಈ ಮಾತುಗಳನ್ನು ನಿಮ್ಮ ಕೆಲಸದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ:

1. ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತ್ಯಂತ ವಿಷಕಾರಿ. ಅನಂತರ ಹಳದಿ, ನೀಲಿ, ಹಸಿರು. ಓದಲು ಬಾರದವರೂ ಬಣ್ಣ ಗುರುತಿಸಬಹುದು.

2. ತುಂಬುತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್ ಬೇಕು. ಗಾಳಿಗೆದುರಾಗಿ ಸಿಂಪಡಿಸಬಾರದು. ಕೆಲಸದ ನಡುವೆ ಬೀಡಿ, ಎಲೆಯಡಿಕೆ ಬೇಡವೇ ಬೇಡ.

3. ಕೆಲಸ ಮುಗಿದೊಡನೆ ಸಾಬೂನು ಹಚ್ಚಿ ಸ್ನಾನ. ಆ ಬಟ್ಟೆಯನ್ನು ಮನೆಯ ಬಟ್ಟೆಗಳೊಂದಿಗೆ ಒಗೆಯಬಾರದು. ಒಗೆಯುವವರ ಕೈಗೂ ವಿಷ ತಾಗುತ್ತದೆ.

4. ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಿಸಬೇಡಿ.

5. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಸುಣ್ಣವಿರುತ್ತದೆ. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ 15-20 ನಿಮಿಷ ತೊಳೆದು, ವೈದ್ಯರಲ್ಲಿಗೆ ಹೋಗಿ.

6. ತಲೆಸುತ್ತು, ವಾಂತಿ, ಕಣ್ಣುಮಂಜು ಕಂಡರೆ ಬಟ್ಟೆ ಕಳಚಿ ಮೈ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಡಬ್ಬಿಯೊಂದಿಗೆ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು ಧನಿಗಳಿಗೆ. "ಇವತ್ತು ಗಾಳಿ ಜೋರಿದೆ, ನಾಳೆ ಬಿಡುವ" ಎಂದು ಕೆಲಸದವನು ಹೇಳಿದರೆ ಅವನ ದಿನಗೂಲಿ ಕಡಿಯಬೇಡಿ. ಬೇರೆ ಕೆಲಸ ಕೊಡಿ. ಕೂಲಿ ತಪ್ಪುವ ಭಯವಿದ್ದರೆ ಅವನು ಬಾಯಿ ಬಿಡಲಾರ. ಕೈಗವಸು ಎಷ್ಟು ಮುಖ್ಯವೋ ಹೇಳುವ ಧೈರ್ಯವೂ ಅಷ್ಟೇ ಮುಖ್ಯ.