ಜಠರದ ಬ್ಯಾಕ್ಟೀರಿಯಕ್ಕೆ ಕಡಲಪಾಚಿಯ ತಡೆ

ಮಾಲೂರು ತಾಲ್ಲೂಕಿನ ಲಕ್ಕೂರಿನಿಂದ ಎತ್ತ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ. ಆದರೂ ಅಲ್ಲಿ ಯಾರಾದರೂ ಎದೆಯುರಿಗೆಂದು ಔಷಧದ ಅಂಗಡಿಯಿಂದ ಬಾಟಲಿ ತಂದರೆ ಅದರಲ್ಲಿ ಕಡಲಪಾಚಿಯ ಅಂಶ ಇರಬಹುದು. ಸೋಡಿಯಂ ಆಲ್ಜಿನೇಟ್ ಎಂದು ಬರೆದಿದೆಯೇ ನೋಡಿ. ಕಂದು ಕಡಲಪಾಚಿಯಿಂದ ತೆಗೆದ ಈ ವಸ್ತು ಆಮ್ಲ ತಗುಲಿದೊಡನೆ ಲೋಳೆಯಂತಾಗಿ, ಜಠರದಲ್ಲಿ ತೆಪ್ಪದ ಹಾಗೆ ತೇಲಿ, ಆಮ್ಲ ಅನ್ನನಾಳಕ್ಕೆ ಏರದಂತೆ ತಡೆಯುತ್ತದೆ. ಉರಿ ತಗ್ಗುತ್ತದೆ. ಆದರೆ ಹುಣ್ಣಿಗೆ ಕಾರಣವಾದ ಬ್ಯಾಕ್ಟೀರಿಯ ಒಳಗಿದ್ದರೆ ಅದು ಇದ್ದಲ್ಲೇ ಇರುತ್ತದೆ. ಹೊಟ್ಟೆಯ ಎಲ್ಲ ತೊಂದರೆಗೂ ನಾವು 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿಟ್ಟಿರುವುದರಿಂದ ಈ ವ್ಯತ್ಯಾಸ ಮರೆತುಹೋಗುತ್ತದೆ.

ಆ ಬ್ಯಾಕ್ಟೀರಿಯವೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿದರು. ಎರಡು ದಿನಕ್ಕೆ ಏನೂ ಬೆಳೆಯದ ತಟ್ಟೆಗಳನ್ನು ಎಸೆಯುವುದು ಅಲ್ಲಿನ ವಾಡಿಕೆಯಾಗಿತ್ತು. ಈಸ್ಟರ್ ರಜೆಯಿಂದಾಗಿ ತಟ್ಟೆಗಳು ಇನ್ನಷ್ಟು ದಿನ ಉಳಿದವು, ಬ್ಯಾಕ್ಟೀರಿಯ ಕಾಣಿಸಿಕೊಂಡಿತು! (ಬ್ಯಾಕ್ಟೀರಿಯ ಬೆಳೆಸುವ ಅಗರ್ ಕೂಡ ಕೆಂಪು ಕಡಲಪಾಚಿಯ ಕೊಡುಗೆಯೇ.) 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಕಟು ಆಮ್ಲದ ನಡುವೆ ಈ ಜೀವಿ ಬದುಕುವುದು ಹೇಗೆ? ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯವನ್ನು ಒಡೆದು ಅಮೋನಿಯ ಉಂಟುಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಟಸ್ಥಗೊಳಿಸಿಕೊಳ್ಳುತ್ತದೆ. ಇಷ್ಟೇ ಸಾಲದು. ಜಠರ ಸದಾ ಕುಗ್ಗಿ ಹಿಗ್ಗಿ ಒಳಗಿರುವುದನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಕೊಚ್ಚಿಹೋಗದಿರಲು ಗೋಡೆಯನ್ನು ಹಿಡಿದುಕೊಳ್ಳಬೇಕು. ಬ್ಯಾಕ್ಟೀರಿಯದ ಹೊರಮೈಯಲ್ಲಿರುವ ಬಾಬ್-ಎ ಎಂಬ ಪ್ರೋಟೀನು ಜಠರದ ಗೋಡೆಯ ಜೀವಕೋಶಗಳ ಮೇಲಿರುವ ಲೂಯಿಸ್-ಬಿ ಎಂಬ ಸಕ್ಕರೆಯ ಸರಪಳಿಗೆ ಅಂಟುತ್ತದೆ. ಆ ಸರಪಳಿಯ ಮುಖ್ಯ ಕೊಂಡಿ ಫ್ಯೂಕೋಸ್ ಎಂಬ ಸಕ್ಕರೆ.

ಕಂದು ಪಾಚಿಯಲ್ಲಿ ಫ್ಯೂಕಾಯ್ಡನ್ ಎಂಬ ಇನ್ನೊಂದು ವಸ್ತುವಿದೆ. ಸ್ವೀಡನ್ನಿನ ಹರಾಲ್ಡ್ ಕೈಲಿನ್ 1913ರಲ್ಲೇ ಇದನ್ನು ಬೇರ್ಪಡಿಸಿದ್ದರು. ಇದರಲ್ಲಿಯೂ ಮುಖ್ಯವಾಗಿ ಇರುವುದು ಫ್ಯೂಕೋಸ್. ಜೊತೆಗೆ ಋಣಾವೇಶದ ಸಲ್ಫೇಟ್ ಗುಂಪುಗಳು. ಬ್ಯಾಕ್ಟೀರಿಯ ಗೋಡೆಯನ್ನು ಹಿಡಿಯುವ ಮೊದಲೇ ಫ್ಯೂಕಾಯ್ಡನ್ ಅದರ 'ಕೈ'ಗಳನ್ನು ಮುಚ್ಚಿದರೆ? ಜಪಾನಿನ ಸಂಶೋಧಕರು 1999ರಲ್ಲಿ ಒಕಿನಾವದ ಮೊಜುಕು ಪಾಚಿಯ ಫ್ಯೂಕಾಯ್ಡನ್ ಈ ಅಂಟುವಿಕೆಯನ್ನು ತಡೆಯುವುದೆಂದು ವರದಿ ಮಾಡಿದರು. 2003ರಲ್ಲಿ ಜರ್ಬಿಲ್ ಎಂಬ ಇಲಿಯಂಥ ಪ್ರಾಣಿಗಳಿಗೆ ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟಾಗ ಸೋಂಕೂ ಉರಿಯೂತವೂ ಕಡಿಮೆಯಾದವು.

ಗಮನಿಸಿ, ಇದು ಕೊಲ್ಲುವ ಉಪಾಯವಲ್ಲ, ನೆಲೆ ತಪ್ಪಿಸುವ ಉಪಾಯ. ಪ್ರತಿಜೈವಿಕಗಳಿಗೆ ಈ ಬ್ಯಾಕ್ಟೀರಿಯ ಬಗ್ಗದಿರುವುದು ಹೆಚ್ಚುತ್ತಿರುವಾಗ ಇದು ಆಸೆ ಹುಟ್ಟಿಸುವ ದಾರಿ. ಆದರೆ ಆಗಲೇ ಗೋಡೆಗೆ ಅಂಟಿ ಕುಳಿತದ್ದನ್ನು ಬಿಡಿಸುವುದು ಬೇರೆಯೇ ಕೆಲಸ. ಜರ್ಬಿಲ್‌ಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗಬೇಕೆಂದಿಲ್ಲ. ಸದ್ಯಕ್ಕೆ ಇದು ವೈದ್ಯರು ಬರೆದುಕೊಡುವ ಔಷಧಿಯ ಜಾಗವನ್ನು ತುಂಬದು.

ನಮ್ಮ ಕಾರವಾರದ ಬಂಡೆಗಳ ಮೇಲೆ ಸರ್ಗಾಸಮ್ ಎಂಬ ಕಂದು ಪಾಚಿ ಬೆಳೆಯುತ್ತದೆ. ಅದರಲ್ಲೂ ಫ್ಯೂಕಾಯ್ಡನ್ ಇದೆ. ಹಾಗೆಂದು ತಂದು ಕುದಿಸಿ ಕುಡಿಯಬೇಡಿ! ಸರ್ಗಾಸಮ್ ಜಾತಿಯ ಪಾಚಿಗಳು ನೀರಿನ ಆರ್ಸೆನಿಕ್ಕನ್ನು ಹೀರಿಟ್ಟುಕೊಳ್ಳಬಲ್ಲವು.

ಎರಡು ವಾರದ ಮಾತ್ರೆಗಳನ್ನು ಉರಿ ನಿಂತ ಐದನೇ ದಿನವೇ ಬಿಟ್ಟವರು ನಿಮ್ಮ ಮನೆಯಲ್ಲೂ ಇರಬಹುದು. ಬ್ಯಾಕ್ಟೀರಿಯ ಹೋಯಿತೇ ಎಂದು ತಿಳಿಯಲು ಅದರ ಯೂರಿಯೇಸ್ ಕಿಣ್ವವೇ ಸಾಕ್ಷಿ. ಪ್ರತಿಜೈವಿಕಗಳು ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಕಾರ್ಬನ್-13 ಸೇರಿಸಿದ ಯೂರಿಯವನ್ನು ಕುಡಿಸಿ ಉಸಿರನ್ನು ಪರೀಕ್ಷಿಸುತ್ತಾರೆ. ಹೊರಬಿಟ್ಟ ಕಾರ್ಬನ್ ಡೈಆಕ್ಸೈಡಿನಲ್ಲಿ ಕಾರ್ಬನ್-13ರ ಪ್ರಮಾಣ ಏರಿದ್ದರೆ, ಬ್ಯಾಕ್ಟೀರಿಯ ಇನ್ನೂ ಅಲ್ಲೇ ಇದೆ.