ಯಾರೂ ಒತ್ತದ ಗುಂಡಿ

ಸುದ್ದಿ ಓದಲು ನೀವು ಒಂದು ಜಾಲತಾಣ ತೆರೆಯುತ್ತೀರಿ. ಪುಟದ ಅಂಚಿನ ಜಾಹೀರಾತು ಮಾತ್ರ ಬೇರೊಂದು ಕಂಪನಿಯ ಸರ್ವರಿನಿಂದ ಬಂದಿರುತ್ತದೆ. ಅದು ನಿಮ್ಮ ಬ್ರೌಸರಿನಲ್ಲಿ ಕುಕೀ ಎಂಬ ಪುಟ್ಟ ದಾಖಲೆಯೊಂದನ್ನು ಇಟ್ಟುಹೋಗಬಹುದು. ಅದರೊಳಗೆ ಒಂದು ಗುರುತಿನ ಸಂಖ್ಯೆ. ನಾಳೆ ಔಷಧದ ತಾಣದಲ್ಲೋ ಸಾಲದ ತಾಣದಲ್ಲೋ ಅದೇ ಕಂಪನಿಯ ಜಾಹೀರಾತು ಎದುರಾದರೆ, ಬ್ರೌಸರು ಆ ಸಂಖ್ಯೆಯನ್ನು ತಾನಾಗಿಯೇ ಒಪ್ಪಿಸುತ್ತದೆ. ನೀವು ಹೆಸರು ಹೇಳದಿದ್ದರೂ ನಿಮ್ಮ ಓಡಾಟದ ಜಾಡು ಒಂದೆಡೆ ಕೂಡುತ್ತ ಹೋಗುತ್ತದೆ.

ಆ್ಯಪಲ್‌ನ ಸಫಾರಿ ಬ್ರೌಸರು ಇಂಥ ಹೊರಗಿನ ಕುಕೀಗಳನ್ನು ಬಳಕೆದಾರರು ಕೇಳದೆಯೇ ತಡೆಯುತ್ತಿತ್ತು. ಗೂಗಲ್ ಮತ್ತು ಇನ್ನೂ ಮೂರು ಕಂಪನಿಗಳು ಆ ತಡೆಯನ್ನು ದಾಟಿದ್ದನ್ನು 2012ರ ಫೆಬ್ರುವರಿಯಲ್ಲಿ ಬಯಲಿಗೆ ತಂದವರು ಜೊನಾಥನ್ ಮೇಯರ್. ಆಗ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನು, ಕಂಪ್ಯೂಟರ್ ವಿಜ್ಞಾನ ಎರಡನ್ನೂ ಓದುತ್ತಿದ್ದ ವಿದ್ಯಾರ್ಥಿ.

ತಡೆಗೆ ಸಫಾರಿ ಒಂದು ವಿನಾಯಿತಿ ಇಟ್ಟಿತ್ತು. ಬಳಕೆದಾರರು ಹೊರಗಿನ ತಾಣವೊಂದಕ್ಕೆ ಫಾರ್ಮ್ ತುಂಬಿ ಕಳಿಸಿದರೆ, ಅವರಿಗೆ ಆ ತಾಣದೊಡನೆ ವ್ಯವಹಾರ ಇದೆ ಎಂದು ತಿಳಿದು ಅದರ ಕುಕೀಯನ್ನು ಒಳಬಿಡುತ್ತಿತ್ತು. ಗೂಗಲ್‌ನ ಜಾಹೀರಾತಿನೊಳಗೆ ಕಣ್ಣಿಗೆ ಕಾಣದ ಒಂದು ಫಾರ್ಮ್ ಇರುತ್ತಿತ್ತು. ಓದುಗ ಏನನ್ನೂ ಮುಟ್ಟುವ ಮೊದಲೇ ಜಾಹೀರಾತಿನ ಸ್ಕ್ರಿಪ್ಟ್ ಅದನ್ನು ಕಳಿಸಿಬಿಡುತ್ತಿತ್ತು. ಓದುಗನೇ ಕಳಿಸಿದನೆಂದು ಸಫಾರಿ ನಂಬಿತು. ಹೀಗೆ ಬಂದ ಮೊದಲ ಕುಕೀ ಅಲ್ಪಾಯುಷಿ. ಆದರೆ ಒಂದು ಕುಕೀ ಇರುವ ತಾಣಕ್ಕೆ ಇನ್ನಷ್ಟು ಇಡಲು ಸಫಾರಿ ಬಿಡುತ್ತಿದ್ದರಿಂದ, ಜಾಡು ಹಿಡಿಯುವ ಕುಕೀಯೂ ಹಿಂದೆಯೇ ಬಂತು. ಅದು ತನ್ನ ಉದ್ದೇಶವಾಗಿರಲಿಲ್ಲ ಎಂದಿತು ಗೂಗಲ್.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಸಫಾರಿ ಬಳಸುವವರು ಬೇರೇನೂ ಮಾಡಬೇಕಿಲ್ಲ, ಅದರ ಮೂಲ ಸೆಟ್ಟಿಂಗೇ ಸಾಕು ಎಂಬರ್ಥದ ಭರವಸೆ ಗೂಗಲ್‌ನ ಸಹಾಯ ಪುಟದಲ್ಲೇ ಇತ್ತು. ಜನ ಅದನ್ನು ನಂಬಿ ಸುಮ್ಮನಿದ್ದರು. ಖಾಸಗಿತನದ ಬಗ್ಗೆ ತಪ್ಪು ಮಾಹಿತಿ ಕೊಡಕೂಡದೆಂಬ ಆದೇಶ ಗೂಗಲ್ ಮೇಲೆ 2011ರಿಂದಲೇ ಇದ್ದುದರಿಂದ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರ ಆಗಸ್ಟ್‌ನಲ್ಲಿ 2.25 ಕೋಟಿ ಡಾಲರ್ ದಂಡ ಹಾಕಿತು. ಮರುವರ್ಷ 37 ರಾಜ್ಯಗಳು ಹಾಗೂ ರಾಜಧಾನಿ ವಾಷಿಂಗ್ಟನ್ ಜೊತೆಗಿನ ಒಪ್ಪಂದದಲ್ಲಿ ಗೂಗಲ್ ಇನ್ನೂ 1.7 ಕೋಟಿ ಡಾಲರ್ ತೆತ್ತಿತು.

ಈ ತಂತ್ರವನ್ನು ಹೊರಗಿನ ವಿದ್ಯಾರ್ಥಿಯೊಬ್ಬ ಪತ್ತೆಮಾಡಲು ಸಾಧ್ಯವಾದದ್ದು, ಜಾಹೀರಾತಿನ ಕೋಡ್ ಓಡುವುದು ನಮ್ಮದೇ ಯಂತ್ರದಲ್ಲಿ ಎಂಬ ಕಾರಣಕ್ಕೆ. ತಾಳ್ಮೆಯಿದ್ದರೆ ಯಾರು ಬೇಕಾದರೂ ಅದನ್ನು ಬಿಚ್ಚಿ ಓದಬಹುದು. ಈಗೀಗ ಜಾಹೀರಾತಿನ ಮಾಹಿತಿ ಬ್ರೌಸರನ್ನು ಬಿಟ್ಟು ಕಂಪನಿಯಿಂದ ಕಂಪನಿಗೆ, ಸರ್ವರಿನಿಂದ ಸರ್ವರಿಗೆ ನೇರವಾಗಿಯೂ ಹೋಗುತ್ತಿದೆ. ಆ ಹಾದಿಯಲ್ಲಿ ಏನು ಸಾಗುತ್ತಿದೆ ಎಂಬುದು ಬ್ರೌಸರಿನ ಮುಂದೆ ಕೂತ ಸಂಶೋಧಕರಿಗೆ ಕಾಣುವುದಿಲ್ಲ.