ಭಾರ ಬಿದ್ದಾಗ ಬಯಲಾಗುವ ಕಮಾನು

ಹಳೆಯ ಮಿಲಿಟರಿ ಜೀಪನ್ನು ತೊಳೆದು ಹೊಳೆಯಿಸಿ ಇಟ್ಟುಕೊಂಡವರು ಮುಂಬೈಯಲ್ಲಿ ಸಿಗುತ್ತಾರೆ. ಅದರ ಬೆನ್ನಿಗೆ ಬಿದ್ದು ಯುದ್ಧಕ್ಕೆ ಹೋಗಿದ್ದ ಟ್ರೇಲರನ್ನು ಕೇಳುವವರು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬ್ಯಾಂಟಮ್ ಮತ್ತು ವಿಲ್ಲಿಸ್ ಕಂಪನಿಗಳು ತಯಾರಿಸಿದ ಈ ಕಾಲು ಟನ್ನಿನ ಗಾಡಿ ಎರಡು ಚಕ್ರದ ಮೇಲೆ ಕೂತ ಕಬ್ಬಿಣದ ತೊಟ್ಟಿ, ಅಷ್ಟೆ. ನೀರು ನುಗ್ಗದಂತೆ ಮಾಡಿದ್ದರಿಂದ ಹೊಳೆ ಅಡ್ಡ ಬಂದರೆ ತೇಲಿಸಿಯೇ ದಾಟಿಸಬಹುದಿತ್ತು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಇದೇ ನಗರದ ಮಜಗಾಂವ್‌ನಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಜೀಪಿನ ಮೈ ಬಲ್ಲ ಮೆಕ್ಯಾನಿಕ್ಕುಗಳಿಗೆ ಇಲ್ಲಿ ಬರ ಬರಲಿಲ್ಲ.

ತೊಟ್ಟಿಗೆ ತಗಡು ಹಾಕಿ ಬಣ್ಣ ಬಳಿಯುವುದು ಸುಲಭ. ಕೆಲಸ ಕಚ್ಚುವುದು ಕೆಳಗೆ, ಕಮಾನುಪಟ್ಟಿಗಳಲ್ಲಿ, ಅಂದರೆ ಲೀಫ್ ಸ್ಪ್ರಿಂಗಿನಲ್ಲಿ. ಕಡಲಗಾಳಿಗೂ ನಾಲ್ಕು ತಿಂಗಳ ಮಳೆಗೂ ಪಟ್ಟಿಗಳ ನಡುವೆ ತುಕ್ಕು ಉಬ್ಬುತ್ತದೆ. ಒಂದರ ಮೇಲೊಂದು ಜಾರಬೇಕಾದವು ಅಂಟಿಕೊಂಡು ಮರದ ದಿಮ್ಮಿಯಂತಾಗುತ್ತವೆ. ಬಿಚ್ಚುವಾಗಲೂ ಎಚ್ಚರ ಬೇಕು. ಕಮಾನಿನ ತುದಿಯನ್ನು ಹಿಡಿದಿಡುವ ಶ್ಯಾಕಲ್‌ಗಳಲ್ಲಿ, ಆ ಕಾಲದ ಜೀಪಿನಲ್ಲಿ, ಕೆಲವಕ್ಕೆ ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯುವ ತಿರುಪು, ಇರುತ್ತದೆ. ಅದನ್ನು ನೋಡದೆ ಸ್ಪ್ಯಾನರಿಗೆ ಪೈಪು ತುರುಕಿ ತಿರುಗಿಸಿದರೆ, ಎಂಬತ್ತು ವರ್ಷ ಬಾಳಿದ ವಸ್ತು ಒಂದೇ ನಿಮಿಷಕ್ಕೆ ಮುರಿಯುತ್ತದೆ.

ಕಮಾನು ಕುಸಿದಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳುವುದನ್ನು ನಾನು ನಂಬುವುದಿಲ್ಲ. ಭಾರ ಹೇರಿ ಅಳೆಯುವುದನ್ನು ಕಲಿಯಲು ಮುಂಬೈಯ ಮಾಟುಂಗದವರು ದೂರ ಹೋಗಬೇಕಿಲ್ಲ. 1926ರ ಮೈಸೂರು ಅಸೋಸಿಯೇಷನ್ನಿಗೂ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಊಟಕ್ಕೂ ಕನ್ನಡಿಗರು ಹುಡುಕಿಕೊಂಡು ಬರುವ ಈ ಬಡಾವಣೆಯ ಮಗ್ಗುಲಲ್ಲೇ, ಸೆಂಟ್ರಲ್ ಮತ್ತು ವೆಸ್ಟರ್ನ್ ಹಳಿಗಳ ನಡುವಿನ ತ್ರಿಕೋನದಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1915ರಲ್ಲಿ ಹುಟ್ಟುಹಾಕಿದ ವರ್ಕ್‌ಶಾಪ್ ಇದೆ. ಓವರ್‌ಹಾಲಿಗೆ ಬಂದ ರೈಲು ಬೋಗಿಯ ಸುರುಳಿ ಸ್ಪ್ರಿಂಗುಗಳಿಗೆ ರೈಲ್ವೆಯಲ್ಲಿ ಒಂದು ಪದ್ಧತಿಯುಂಟು. ಯಂತ್ರದಲ್ಲಿಟ್ಟು ಗೊತ್ತಾದ ಭಾರ ಹೇರಿ, ಎಷ್ಟು ಎತ್ತರಕ್ಕೆ ನಿಂತಿತೆಂದು ಅಳೆದು, ಎ, ಬಿ, ಸಿ ಎಂದು ಗುಂಪು ಮಾಡುತ್ತಾರೆ. ಬೇರೆ ಬೇರೆ ಗುಂಪಿನವನ್ನು ಕಲಸಿ ಜೋಡಿಸುವಂತಿಲ್ಲ. ಜೋಡಿಸಿದರೆ ಬೋಗಿ ಒಂದು ಕಡೆಗೆ ವಾಲುತ್ತದೆ.

ಟ್ರೇಲರಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಎಡ ಬಲದ ಕಮಾನುಗಳಿಗೆ ಒಂದೇ ತೂಕ ಹೇರಿ ಬಾಗು ಅಳೆಯಬೇಕು. ಬಿರುಕಿಲ್ಲದೆ ಬರೀ ಕುಸಿದಿದ್ದರೆ ಹೊಸದು ಕೊಳ್ಳುವುದು ದುಂದು. ಲಾರಿಗಳು ನಿಲ್ಲುವಲ್ಲಿ ಕಮಾನಿನ ಕುಲುಮೆಯವರೂ ಇರುತ್ತಾರೆ. ಮಾಟುಂಗಕ್ಕೆ ವಡಾಲದ ಟ್ರಕ್ ಟರ್ಮಿನಲ್ ಹತ್ತಿರ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ ಕಡಿಮೆ ಶಾಖದಲ್ಲಿ ಮತ್ತೆ ಹದ ಮಾಡಬೇಕು. ಈ ಕೊನೆಯ ಹದ ತಪ್ಪಿಸಿದರೆ ಉಕ್ಕು ಗಾಜಿನಷ್ಟು ಪೆಡಸಾಗಿ ಮೊದಲ ಗುಂಡಿಯಲ್ಲೇ ಸೀಳುತ್ತದೆ. ಗ್ಯಾಸ್ ಕಟ್ಟರ್ ಹಿಡಿದು ಅಲ್ಲಲ್ಲಿ ಕಾಯಿಸಿ ಎತ್ತಿಕೊಡುತ್ತೇನೆ ಎನ್ನುವವರಿಗೆ ಕೈಮುಗಿದು ಮುಂದೆ ಹೋಗುವುದು ಲೇಸು. ಗಿಡ್ಡ ಪಟ್ಟಿಗಳಿಗೆ ಉದ್ದದವಕ್ಕಿಂತ ತುಸು ಹೆಚ್ಚು ಬಾಗು ಇರಬೇಕು. ಆಗಲೇ ಬೋಲ್ಟು ಬಿಗಿದಾಗ ಒಂದನ್ನೊಂದು ಅಪ್ಪಿ ನಿಲ್ಲುತ್ತವೆ. ನಡುವೆ ಗ್ರ್ಯಾಫೈಟ್ ಗ್ರೀಸು ಸವರಬೇಕು, ಯು ಬೋಲ್ಟು ಹೊಸದನ್ನೇ ಹಾಕಬೇಕು.

ಖಾಲಿ ಟ್ರೇಲರು ಸ್ಪೀಡ್ ಬ್ರೇಕರಿನ ಮೇಲೆ ಕುಪ್ಪಳಿಸುತ್ತದೆಂದು ಒಂದು ಪಟ್ಟಿ ಕೀಳಿಸುವವರಿದ್ದಾರೆ. ಕಾಲು ಟನ್ ಸಾಮಾನಿಗೆಂದು ಮಾಡಿದ ಕಮಾನು ಖಾಲಿಯಿದ್ದಾಗ ಕುಣಿಯದೆ ಏನು ಮಾಡೀತು? ನಾಲ್ಕು ಮೂಟೆ ಮರಳು ಹೇರಿ, ಸಯನ್ ಕಡೆಗೊಂದು ಸುತ್ತು ಹೋಗಿಬಂದು, ಸಡಿಲಾದ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದರೆ ಸಾಕು.